ಮರಳಿ ಬರುವ ಲೆಕ್ಕ, ಮರಳದ ಕೆಲಸ

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಕಂಪ್ಯೂಟರ್ ವಿಜ್ಞಾನ ಓದುವವರು ಸಾಮಾನ್ಯವಾಗಿ ಮೊದಲು ಕಲಿಯುವುದು ಸಿ ಭಾಷೆ. ಅಲ್ಲಿ ಫಂಕ್ಷನ್ ಕರೆದಾಗ ಸ್ಟ್ಯಾಕ್ ಮೇಲೆ ಒಂದು ಚೌಕಟ್ಟು ಏರುತ್ತದೆ, ಕೆಲಸ ಮುಗಿದಾಗ ಇಳಿಯುತ್ತದೆ. ಇಳಿದದ್ದು ಮತ್ತೆ ಸಿಗದು. 1975ರಲ್ಲಿ ಎಂಐಟಿಯ ಜೆರಾಲ್ಡ್ ಸಸ್‌ಮನ್ ಮತ್ತು ಗೈ ಸ್ಟೀಲ್ ರೂಪಿಸಿದ ಸ್ಕೀಮ್ ಭಾಷೆಯಲ್ಲಿ ಹಾಗಲ್ಲ. ಲೆಕ್ಕದ ನಡುವೆ ನಿಂತು, ಇನ್ನು ಉಳಿದಿರುವ ಕೆಲಸವನ್ನೆಲ್ಲ ಒಂದು ಮೌಲ್ಯವಾಗಿ ಹಿಡಿದಿಟ್ಟುಕೊಳ್ಳಬಹುದು. ಅದೇ ಕಂಟಿನ್ಯುಯೇಶನ್. ಬೇಕೆಂದಾಗ, ಬೇಕಾದಷ್ಟು ಸಲ ಅಲ್ಲಿಂದ ಮುಂದುವರಿಯಬಹುದು. ಈ ಶಕ್ತಿಗೆ ಸಿ ಭಾಷೆಯ ಗಡಿಯಲ್ಲಿ ಮಿತಿ ಹಾಕಲೇಬೇಕು ಎಂಬುದು ನನ್ನ ವಾದ.

ಸಿ ಭಾಷೆಯ ವಿಂಗಡಣೆಯ ಫಂಕ್ಷನ್ ಕ್ಯೂಸಾರ್ಟ್‌ಗೆ ಬೇಕಾದ ಹೋಲಿಕೆಯ ಫಂಕ್ಷನ್ನನ್ನು ಸ್ಕೀಮ್‌ನಲ್ಲಿ ಬರೆದು ಕೊಟ್ಟಿದ್ದೇವೆ ಎನ್ನಿ. ಅದರೊಳಗೆ ಹಿಡಿದಿಟ್ಟ ಕಂಟಿನ್ಯುಯೇಶನ್ನನ್ನು ವಿಂಗಡಣೆ ಮುಗಿದ ಮೇಲೆ ಕರೆದರೆ, ಮರಳಬೇಕಾದ ಚೌಕಟ್ಟೇ ಅಲ್ಲಿರುವುದಿಲ್ಲ. ಸ್ಟ್ಯಾಕನ್ನೇ ನಕಲು ಮಾಡಿಟ್ಟು ಮತ್ತೆ ಹಾಕಿದರಾಯಿತಲ್ಲ ಎಂದು ಕೇಳಬಹುದು. ಸ್ಕೀಮ್‌ನ ಅಳವಡಿಕೆಗಳಲ್ಲಿ ಒಂದಾದ ಗೈಲ್‌ನ ಹಳೆಯ ಆವೃತ್ತಿಗಳು ಹಾಗೆಯೇ ಮಾಡುತ್ತಿದ್ದವು. ಆದರೆ ನಕಲಿನಿಂದ ಮರಳುವುದು ಸ್ಟ್ಯಾಕ್ ಮಾತ್ರ. ವಿಂಗಡಿಸುತ್ತಿದ್ದ ಅರೇ ಅಷ್ಟರಲ್ಲಿ ಬದಲಾಗಿರುತ್ತದೆ, ಬಿಡುಗಡೆಯಾದ ಮೆಮೊರಿ ಬೇರೆಯವರ ಪಾಲಾಗಿರಬಹುದು, ಫೈಲು ಮುಚ್ಚಿರಬಹುದು. ತುಂಗಭದ್ರಾ ಎಡದಂಡೆ ಕಾಲುವೆಯ ಗೇಟನ್ನು ಮೊದಲಿದ್ದಂತೆ ಇಳಿಸಬಹುದು; ಸಿಂಧನೂರಿನ ಗದ್ದೆಗೆ ಹರಿದ ನೀರು ಜಲಾಶಯಕ್ಕೆ ಮರಳುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಕಂಪ್ಯೂಟರ್ ವಿಜ್ಞಾನಿ ಹೆನ್ರಿ ಬೇಕರ್ 1995ರಲ್ಲಿ ಪ್ರಕಟಿಸಿದ ಉಪಾಯದಂತೆ ಚಿಕನ್ ಸ್ಕೀಮ್ ಎಂಬ ಕಂಪೈಲರ್, ಪ್ರೋಗ್ರಾಮನ್ನು ಎಂದೂ ಹಿಂದಿರುಗದ ಸಿ ಫಂಕ್ಷನ್‌ಗಳಾಗಿ ಪರಿವರ್ತಿಸುತ್ತದೆ. ಸ್ಟ್ಯಾಕ್ ತುಂಬಿದಾಗ ಬದುಕಿರುವ ದತ್ತಾಂಶವನ್ನು ಹೀಪ್‌ಗೆ ಸಾಗಿಸುತ್ತದೆ. ಹಾಗಾಗಿ ಅಲ್ಲಿ ಕಂಟಿನ್ಯುಯೇಶನ್ ಬಲು ಅಗ್ಗ. ಆದರೆ ಈ ಶಿಸ್ತು ಆ ಕಂಪೈಲರ್ ತಾನೇ ಹೆಣೆದ ಕೋಡಿಗಷ್ಟೇ ಅನ್ವಯ. ಹೊರಗಿನ ಲೈಬ್ರರಿ ಎಂದಿನ ಸಿ ರೀತಿಯಲ್ಲೇ ಹಿಂದಿರುಗಲು ಕಾಯುತ್ತದೆ. ಇಂದಿನ ಗೈಲ್‌ನಲ್ಲಿ ಪ್ರಾಂಪ್ಟ್ ಎಂಬ ಗಡಿ ಗುರುತಿನವರೆಗೆ ಹಿಡಿದ ಕಂಟಿನ್ಯುಯೇಶನ್‌ನ ನಡುವೆ ಸಿ ಚೌಕಟ್ಟು ಸಿಕ್ಕಿದ್ದರೆ, ಅದನ್ನು ಪುನಃ ಪ್ರವೇಶಿಸಲು ಗೈಲ್ ಒಪ್ಪದೆ ದೋಷ ತೋರಿಸುತ್ತದೆ. ಕೆಲವರಿಗೆ ಇದು ಕೊರತೆಯಾಗಿ ಕಾಣುತ್ತದೆ. ನನಗೆ ಪ್ರಾಮಾಣಿಕತೆಯಾಗಿ ಕಾಣುತ್ತದೆ. ಸುಳ್ಳು ಉತ್ತರ ಕೊಟ್ಟು ಸಾಗುವುದಕ್ಕಿಂತ ಅಲ್ಲೇ ನಿಲ್ಲುವುದು ಮೇಲು.

ಆದ್ದರಿಂದ ಎರಡೂ ಭಾಷೆ ಬಳಸುವ ವಿದ್ಯಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ: ಲೂಪು, ಕಾಯುವಿಕೆ, ಮರಳುವಿಕೆಯನ್ನು ಸ್ಕೀಮ್‌ನಲ್ಲೇ ಇಟ್ಟುಕೊಳ್ಳಿ. ಸಿ ಫಂಕ್ಷನ್ ಒಂದು ಹೆಜ್ಜೆಯ ಕೆಲಸ ಮಾಡಿ, ಸ್ಕೀಮ್‌ಗೆ ತಿರುಗಿ ಕರೆ ಮಾಡದೆ, ಬೇಗ ಹಿಂದಿರುಗಲಿ.