ಕಾಲು ಬಲ್ಲುದನ್ನು ನಾಲಗೆ ಹೇಳೀತೇ?

ಚೆಂಡಿನ ಪಕ್ಕಕ್ಕೆ ಒದ್ದರೆ ಅದು ಗಿರ್ರನೆ ತಿರುಗುತ್ತ ಹೋಗುವುದು. ಎರಡು ಬದಿಯ ಗಾಳಿಯ ಒತ್ತಡ ಬೇರೆಯಾಗಿ ಅದರ ದಾರಿ ಬಾಗುವುದು. ಇದೇ ಮ್ಯಾಗ್ನಸ್ ಪರಿಣಾಮ. ಫುಟ್‌ಬಾಲಿನ ಮಹಾಪಟುವಿನ ಕಾಲಿಗೆ ಈ ಮರ್ಮ ತಿಳಿದಿದೆ. ಕಾಲು ಬಲ್ಲುದನ್ನು ನಾಲಗೆ ಬಿಡಿಸಿ ಹೇಳೀತೆಂಬ ಭರವಸೆಯೇನು? ಆಟದಿಂದ ನಿವೃತ್ತನಾದ ಮಾತ್ರಕ್ಕೆ ಅವನನ್ನು ತರಬೇತುದಾರನ ಪೀಠದಲ್ಲಿ ಕೂರಿಸುವುದು ತರವಲ್ಲವೆಂದೇ ನನ್ನ ಮತ.

ಮರಡೋನಾ ಅದ್ವಿತೀಯ ಆಟಗಾರ. ಆತನು ತರಬೇತುಗೊಳಿಸಿದ ಅರ್ಜೆಂಟೀನಾ 2010ರ ವಿಶ್ವಕಪ್ಪಿನಲ್ಲಿ ಜರ್ಮನಿಗೆ 4–0ರಿಂದ ಸೋತಿತು. ಒಂದು ಸೋಲು ಪ್ರಮಾಣವಾಗದು, ನಿಜ. ಆದರೆ ವೃತ್ತಿಪರ ಆಟವನ್ನೇ ಆಡದಿದ್ದ ಅರಿಗೊ ಸಾಕಿಯ ಮಿಲಾನ್ ತಂಡವು 1989, 1990ರಲ್ಲಿ ಯೂರೋಪಿಯನ್ ಕಪ್ಪನ್ನು ಗೆದ್ದಿತಲ್ಲ!

ಜಿದಾನನ ಮಾತೇನು ಎನ್ನುವಿರಾ? ಆತನು ಆಟ ಬಿಟ್ಟದ್ದು 2006ರಲ್ಲಿ. ಮುಂದೆ ರಿಯಲ್ ಮ್ಯಾಡ್ರಿಡ್‌ನಲ್ಲಿ ಆಂಚೆಲೊಟ್ಟಿಗೆ ಸಹಾಯಕನಾಗಿ, ಬಳಿಕ ಅದರ ಎರಡನೆಯ ತಂಡಕ್ಕೆ ಗುರುವಾಗಿ ಈ ವಿದ್ಯೆಯನ್ನು ಕಲಿತನು. 2016ರಿಂದ ಸತತ ಮೂರು ವರ್ಷ ಯೂರೋಪಿನ ಕಿರೀಟ ಒಲಿದದ್ದು ಆ ವ್ಯಾಸಂಗದ ಅನಂತರವೇ.