ಹ್ಯಾರಿಯ ಪೂರ್ವಪಕ್ಷ

ಕಳೆದ ವಾರ ತರಗತಿಯಲ್ಲಿ ಮಮ್ಮಟನ ಅಶ್ಲೀಲದೋಷವನ್ನು ವಿವರಿಸುತ್ತಿದ್ದೆ. ನಾಚಿಕೆ, ಹೇಸಿಗೆ, ಅಮಂಗಳ ಎಂದು ಅದರ ಮೂರು ಬಗೆಗಳನ್ನು ಹೇಳಿ, ಹೊಸ ಕಾಲದ ಉದಾಹರಣೆಯೊಂದನ್ನು ಕೊಡಿರೆಂದು ಕೇಳಿದೆ. ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಅಮೆರಿಕದ ಚಿತ್ರವೊಂದನ್ನು ಹೆಸರಿಸಿದಳು: 1989ರಲ್ಲಿ ತೆರೆಕಂಡ ‘ವೆನ್ ಹ್ಯಾರಿ ಮೆಟ್ ಸ್ಯಾಲಿ’. “ಇದು ದೋಷವೋ ಗುಣವೋ, ಸಾರ್?” ಎಂದಳು. ಹಿಂದಿನ ಬೆಂಚಿನಿಂದ ನಗೆ ಎದ್ದಿತು. ನಾನು ಆ ಚಿತ್ರವನ್ನು ಎರಡು ಬಾರಿ ನೋಡಿದವನು. ಆದರೂ ನೋಡಿಯೇ ಇಲ್ಲವೆಂಬಂತೆ ಮುಖ ಮಾಡಿಕೊಂಡು ಪಾಠ ಮುಂದುವರಿಸಿದೆ. ಆ ಅಳುಕಿಗೆ ಪ್ರಾಯಶ್ಚಿತ್ತವಾಗಿ ಈ ನಾಲ್ಕು ಮಾತು.

ನೋರಾ ಎಫ್ರಾನ್ ಬರೆದು ರಾಬ್ ರೈನರ್ ನಿರ್ದೇಶಿಸಿದ ಈ ಚಿತ್ರದ ಕಥೆ ಸರಳ. 1977ರಲ್ಲಿ ಓದು ಮುಗಿಸಿದ ಇಬ್ಬರು ಷಿಕಾಗೋದಿಂದ ನ್ಯೂಯಾರ್ಕಿಗೆ ಒಂದೇ ಕಾರಿನಲ್ಲಿ ಹೊರಡುತ್ತಾರೆ. ಗಂಡಸು ಹೆಂಗಸರು ಸ್ನೇಹಿತರಾಗಿರಲಾರರು, ನಡುವೆ ದೇಹದ ಬಯಕೆ ಬಂದೇ ಬರುತ್ತದೆ ಎಂಬುದು ಹ್ಯಾರಿಯ ವಾದ. ಸ್ಯಾಲಿ ಒಪ್ಪುವುದಿಲ್ಲ. ಜಗಳವಾಡಿ ಅಗಲುತ್ತಾರೆ. ಐದು ವರ್ಷದ ಮೇಲೊಮ್ಮೆ, ಮತ್ತೆ ಐದು ವರ್ಷದ ಮೇಲೊಮ್ಮೆ ಸಂಧಿಸಿ, ಇಬ್ಬರೂ ಮನಸ್ಸು ಮುರಿದುಕೊಂಡಿದ್ದ ಕಾಲದಲ್ಲಿ ಸ್ನೇಹಿತರಾಗುತ್ತಾರೆ.

ಇವರ ಮಾತಿನಲ್ಲಿ ಮಡಿಯಿಲ್ಲ. ಹಾಸಿಗೆಯ ವಿಷಯವನ್ನು ನಾವು ಮಳೆಬೆಳೆ ಮಾತಾಡಿದಷ್ಟು ಸಲೀಸಾಗಿ ಆಡುತ್ತಾರೆ. ಅದರಲ್ಲೂ ಕ್ಯಾಟ್ಸ್ ಎಂಬ ಉಪಾಹಾರಗೃಹದ ದೃಶ್ಯ ಲೋಕಪ್ರಸಿದ್ಧವಾದದ್ದು. ಹೆಣ್ಣು ತನ್ನೆದುರು ಎಂದೂ ಸುಖದ ಸೋಗು ಹಾಕಿಲ್ಲವೆಂದು ಹ್ಯಾರಿ ಜಂಬ ಕೊಚ್ಚುತ್ತಾನೆ. ಸ್ಯಾಲಿ ಜನ ತುಂಬಿದ ಆ ಜಾಗದಲ್ಲೇ ಆ ಸೋಗನ್ನು ಆಮೂಲಾಗ್ರವಾಗಿ ಅಭಿನಯಿಸಿ, ಏನೂ ಆಗದವಳಂತೆ ಊಟಕ್ಕೆ ಕೈಹಾಕುತ್ತಾಳೆ. ಆಕೆಗೆ ಬಡಿಸಿದ್ದನ್ನೇ ತನಗೂ ತರಬೇಕೆಂದು ಪಕ್ಕದ ಮೇಜಿನ ಹಿರಿಯಾಕೆ ಕೇಳುತ್ತಾಳೆ. ಆ ಪಾತ್ರ ವಹಿಸಿದವರು ನಿರ್ದೇಶಕನ ಹೆತ್ತ ತಾಯಿಯೇ, ಎಸ್ಟೆಲ್ ರೈನರ್! ಇಲ್ಲಿ ನಾವು ನಗುವುದು ದೇಹವನ್ನು ಕಂಡಲ್ಲ. ಗಂಡಿನ ಗರ್ವ ಒಡೆದ ಸದ್ದಿಗೆ. ಶೃಂಗಾರದಿಂದ ಹಾಸ್ಯ ಹುಟ್ಟುತ್ತದೆಂದು ಭರತನು ಹೇಳಿದ್ದುಂಟು. ಅದನ್ನು ಇಷ್ಟು ವರ್ಷ ಬಾಯಿಪಾಠವಾಗಿ ಒಪ್ಪಿಸುತ್ತಿದ್ದ ನನಗೆ ಅದರ ಅರ್ಥ ಹೊಳೆದದ್ದು, ಹೇಳಿದರೆ ನಗಬೇಡಿ, ಆ ಉಪಾಹಾರಗೃಹದಲ್ಲಿ.

ಇನ್ನೂ ಒಂದು ಸೂಕ್ಷ್ಮವಿದೆ. ಹಳೆಯ ಪ್ರಿಯಕರ ಬೇರೊಬ್ಬಳನ್ನು ಮದುವೆಯಾಗುತ್ತಾನೆಂದು ತಿಳಿದು ಸ್ಯಾಲಿ ಅಳುತ್ತಿದ್ದಾಗ ಸಂತೈಸಲು ಬಂದ ಹ್ಯಾರಿ ಆ ರಾತ್ರಿ ಅಲ್ಲೇ ಉಳಿಯುತ್ತಾನೆ. ಅಷ್ಟುಹೊತ್ತು ಎಲ್ಲವನ್ನೂ ಬಾಯಿಬಿಟ್ಟು ಆಡಿದ ಚಿತ್ರ ಅಲ್ಲಿ ಪರದೆ ಎಳೆಯುತ್ತದೆ. ನಮಗೆ ಕಾಣುವುದು ಆಮೇಲಿನ ಎರಡು ಮುಖಗಳು ಮಾತ್ರ: ಅವಳದರಲ್ಲಿ ನೆಮ್ಮದಿ, ಅವನದರಲ್ಲಿ ಗಾಬರಿ. ಮಾತಿನಲ್ಲಿ ನಿರ್ಲಜ್ಜೆ, ಮರ್ಮದಲ್ಲಿ ಧ್ವನಿ. ಇದನ್ನು ಔಚಿತ್ಯವೆನ್ನದೆ ಏನೆನ್ನೋಣ?

ಆದ್ದರಿಂದ ನನ್ನನ್ನು ಕಾಡುವುದು ಚಿತ್ರದ ಪೋಲಿತನವಲ್ಲ, ಹ್ಯಾರಿಯ ಪೂರ್ವಪಕ್ಷ. ಏಕೆಂದರೆ ಅದು ನಮಗೆ ಚಿರಪರಿಚಿತ. ನಾನು ಹಿಂದೆ ಇದ್ದ ಕಾಲೇಜೊಂದರಲ್ಲಿ ಹುಡುಗ ಹುಡುಗಿ ಮೆಟ್ಟಿಲ ಮೇಲೆ ಕುಳಿತು ಟಿಪ್ಪಣಿ ಬರೆದುಕೊಳ್ಳುತ್ತಿದ್ದುದಕ್ಕೆ ತಂದೆತಾಯಿಗಳನ್ನು ಕರೆಸಲಾಯಿತು. ಹುಡುಗಿ ಮರುವಾರ ಕಾಲೇಜು ಬಿಟ್ಟಳು. ಅಂದು ಆ ಕೋಣೆಯಲ್ಲಿ ನಾನೂ ಇದ್ದೆ, ಸುಮ್ಮನಿದ್ದೆ. ನ್ಯೂಯಾರ್ಕಿನ ಪೋಲಿ ಹ್ಯಾರಿಯೂ ನಮ್ಮ ಶೀಲಪಾಲಕರೂ ಕೊನೆಗೆ ಒಂದೇ ಸಿದ್ಧಾಂತದವರು! ಇಂದಿಗೂ ನಮ್ಮ ಹುಡುಗರು ಸಹಪಾಠಿನಿಯನ್ನು ‘ಗೆಳತಿ’ ಎನ್ನಲು ಹಿಂಜರಿದು ‘ಜಸ್ಟ್ ಫ್ರೆಂಡ್’ ಎಂದು ಇಂಗ್ಲಿಷಿನ ಮರೆ ಹೊಗುತ್ತಾರೆ. ಅಷ್ಟು ಒಳ್ಳೆಯ ಕನ್ನಡದ ಮಾತೊಂದನ್ನು ನಾವೇ ಗುಮಾನಿಗೆ ಒಪ್ಪಿಸಿದ್ದೇವೆ.

ಹಾಗಾದರೆ ಗೆಳೆಯರಿಬ್ಬರೂ ಪ್ರೇಮಿಗಳಾಗುವ ಮುಕ್ತಾಯ ಹ್ಯಾರಿಯ ಗೆಲುವಲ್ಲವೆ? ಎಫ್ರಾನ್ ಮೊದಲ ಕರಡಿನಲ್ಲಿ ಇವರನ್ನು ಒಂದುಗೂಡಿಸಿರಲಿಲ್ಲ. ಆ ಕರಡೇ ಉಳಿಯಬೇಕಿತ್ತೆಂದು ಮೊದಲ ನೋಟದಲ್ಲಿ ನನಗನ್ನಿಸಿತ್ತು. ಎರಡನೆಯ ಬಾರಿ ನೋಡಿದಾಗ ಅಭಿಪ್ರಾಯ ಬದಲಾಯಿತು. ಹೊಸ ವರ್ಷದ ಹಿಂದಿನ ರಾತ್ರಿ ಓಡಿಬಂದ ಹ್ಯಾರಿ ಸ್ಯಾಲಿಯ ರೂಪವನ್ನು ಹೊಗಳಿ ಮೈಮರೆಯುವುದಿಲ್ಲ. ಸೆಕೆಯಲ್ಲೂ ಆಕೆಗೆ ಚಳಿಯಾಗುವುದು, ತಿಂಡಿ ಹೇಳಲು ಅವಳು ಹಿಡಿಸುವ ಹೊತ್ತು, ಹುಬ್ಬಿನ ನಡುವಿನ ಗೆರೆ, ಇಂಥವನ್ನು ಎಣಿಸುತ್ತಾನೆ. ಇವು ಮೋಹಿಸಿದವನು ಒಂದು ನೋಟಕ್ಕೆ ಕಂಡುಕೊಳ್ಳುವ ಸಂಗತಿಗಳಲ್ಲ. ಅವಳೊಡನೆ ಕುಳಿತು ಹರಟಿದ ಗೆಳೆಯನಿಗೆ ಮಾತ್ರ ತಿಳಿದವು. ಆ ಸ್ನೇಹ ನಿಜವಾಗಿರದಿದ್ದರೆ ಆ ರಾತ್ರಿ ಅವನಿಗೆ ಆಡಲು ಮಾತೇ ಇರುತ್ತಿರಲಿಲ್ಲ. ಅವಳು ದೊರೆತಳು, ಆದರೆ ವಾದದಲ್ಲಿ ಅವನು ಸೋತ.

ಸೋಮವಾರ ಎರಡನೆಯ ಅವಧಿಯಲ್ಲಿ ಅಶ್ಲೀಲದೋಷದ ಪಾಠವನ್ನು ಮತ್ತೆ ತೆಗೆದುಕೊಳ್ಳುತ್ತಿದ್ದೇನೆ. ಆ ವಿದ್ಯಾರ್ಥಿನಿಯ ಉದಾಹರಣೆಯಿಂದಲೇ ಆರಂಭಿಸುವೆನು.