ಮಾರುವ ಮನೆಗೆ ಎಷ್ಟು ಸಿಂಗಾರ?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಮುಂಬಯಿಯಲ್ಲಿ ಮನೆ ಕಟ್ಟುವ ಯೋಗ ನಮ್ಮಂಥವರಿಗೆಲ್ಲಿ? ಇಲ್ಲಿ ಮನೆ ಕೊಂಡು ನೋಡಬೇಕು, ಇಲ್ಲವೆ ಮಾರಿ ನೋಡಬೇಕು. ಮಾರುವುದಕ್ಕೆ ಈಗ ಒಂದು ವಿದ್ಯೆಯೇ ಬೆಳೆದಿದೆ. ಹೋಂ ಸ್ಟೇಜಿಂಗ್ ಎಂದು ಅದರ ಹೆಸರು. ಗಿರಾಕಿ ಬರುವ ಮೊದಲು ಮನೆಯನ್ನು ನಾಟಕದ ರಂಗದಂತೆ ಸಜ್ಜುಗೊಳಿಸುವುದು. ಅರ್ಧ ಸಾಮಾನು ಹೊರಗೆ ಸಾಗಿಸು, ಗೋಡೆಗೆ ತಿಳಿಬಣ್ಣ ಬಳಿ, ಹಗಲಲ್ಲೂ ದೀಪ ಉರಿಸು, ಎದುರು ಗೋಡೆಗೆ ದೊಡ್ಡ ಕನ್ನಡಿ ತೂಗುಹಾಕು. ಹತ್ತು ಅಡಿ ಕೋಣೆ ಹದಿನೈದು ಅಡಿಯಂತೆ ಕಾಣಬೇಕು!

ಇದು ಸರಿಯೆ, ತಪ್ಪೆ? ನನ್ನ ಮಟ್ಟಿಗೆ ಸಿಂಗಾರ ತಪ್ಪಲ್ಲ. ಹಬ್ಬಕ್ಕೆ ಸುಣ್ಣ ಬಳಿಯುವ ನಾವು ಮಾರಾಟಕ್ಕೂ ಬಳಿಯೋಣ. ಆದರೆ ಕೊಳ್ಳುವವನ ಕಣ್ಣಿಗೆ ಬೀಳದ ದೋಷವನ್ನು ಬಣ್ಣದಡಿ ಮುಚ್ಚಿದರೆ ಅದಕ್ಕೆ ಮೋಸ ಎಂದೇ ಹೆಸರು.

ನಮ್ಮ ಮನೆಯೂ ಮಾರಾಟಕ್ಕಿದೆ. ಡೊಂಬಿವಲಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಕೊನೆಯ ಮಾಳಿಗೆ. ದಲಾಲ ಬಂದು ಪಟ್ಟಿ ಕೊಟ್ಟ. ಅಜ್ಜಿಯ ಟ್ರಂಕು ತೆಗೆಯಿರಿ. ಕಿಟಕಿಯಲ್ಲಿ ಬಟ್ಟೆ ಒಣಗಿಸಬೇಡಿ. ನೀರಿನ ಡ್ರಮ್ಮುಗಳನ್ನು ನೆರೆಮನೆಯಲ್ಲಿಡಿ. ಡ್ರಮ್ಮು ನೋಡಿದರೆ ಇಲ್ಲಿ ನೀರಿನ ತಾಪತ್ರಯ ಅಂತ ಗೊತ್ತಾಗುತ್ತೆ. ಗಿರಾಕಿಯನ್ನು ನೀರು ಬರುವ ಹೊತ್ತಿಗೇ ಕರೆಯೋಣ. ಕೊನೆಗೆ ಅಡುಗೆಮನೆಯ ಮೂಲೆ ತೋರಿಸಿ, “ಪುಟ್ಟಿ ಹಚ್ಚಿ ಬಣ್ಣ ಹೊಡೆಸಿ. ಜೂನ್‌ವರೆಗೆ ಚಿಂತೆಯಿಲ್ಲ. ಅಷ್ಟರಲ್ಲಿ ಮನೆ ಕೈ ಬದಲಾಗಿರುತ್ತೆ” ಎಂದ. ಮಳೆಗಾಲದಲ್ಲಿ ಟೆರೇಸಿನ ನೀರು ಇಳಿಯುವುದು ಆ ಮೂಲೆಯಲ್ಲೇ.

ಟ್ರಂಕು, ಬಟ್ಟೆಗೆ ನನ್ನ ತಕರಾರಿಲ್ಲ. ಡ್ರಮ್ಮಿನ ವಿಷಯ ಕೊಳ್ಳುವವನು ಪಕ್ಕದ ಮನೆಯಲ್ಲಿ ವಿಚಾರಿಸಿ ತಿಳಿಯಬಹುದು. ನಮ್ಮನ್ನೇ ಕೇಳಿದರೆ ನಿಜ ಹೇಳಬೇಕು. ಆದರೆ ಏಪ್ರಿಲಿನಲ್ಲಿ ಬಣ್ಣ ಬಳಿದ ಗೋಡೆ ಜುಲೈಯಲ್ಲಿ ಸೋರುತ್ತದೆಂದು ಅವನಿಗೆ ಹೇಗೆ ತಿಳಿಯಬೇಕು?

ಕಾನೂನು ಹೇಳುವುದೂ ಇದನ್ನೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನಂತೆ, ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾರುವವನೇ ತಿಳಿಸಬೇಕು. ತಿಳಿಸದಿದ್ದರೆ ಅದು ವಂಚನೆ. ಹೊಸ ಕಟ್ಟಡಗಳ ಸ್ಯಾಂಪಲ್ ಫ್ಲ್ಯಾಟ್ ನೀವು ನೋಡಿರಬಹುದು. ಎಷ್ಟೋ ಕಡೆ ಕೋಣೆಗಳಿಗೆ ಬಾಗಿಲೇ ಇರುವುದಿಲ್ಲ, ಮಂಚ ಮಾಮೂಲಿಗಿಂತ ಗಿಡ್ಡ. ಅಂಥ ಮಾದರಿ ಮನೆಯ ಸುಳ್ಳನ್ನು ನಂಬಿ ಹಣ ಕೊಟ್ಟು ನಷ್ಟವಾದರೆ ಬಿಲ್ಡರನು ಪರಿಹಾರ ಕೊಡಬೇಕೆಂದು 2016ರ ರೇರಾ ಕಾಯ್ದೆಯ 12ನೇ ಕಲಮು ಹೇಳುತ್ತದೆ. ಹಳೆಯ ಮನೆ ಮಾರುವ ನಮ್ಮಂಥವರ ಮೇಲೆ ದೂರಿಡಲು ರೇರಾ ಇಲ್ಲ. ಕೋರ್ಟಿಗೆ ಹೋಗಬೇಕು, ವರ್ಷಗಟ್ಟಲೆ ಅಲೆಯಬೇಕು. ಅದು ಗೊತ್ತಿರುವುದರಿಂದಲೇ ದಲಾಲನಿಗೆ ಅಷ್ಟು ಧೈರ್ಯ.

ನಾನು ಏಳನೆಯವರೆಗೆ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿತು, ಈಗ ಕಾಮರ್ಸಿಗೆ ಬಂದವನು. ವಿಂಡೋ ಡ್ರೆಸ್ಸಿಂಗ್ ಎಂಬ ಪಾಠ ನಮಗಿದೆ. ಕಂಪನಿಯೊಂದು ಮಾರ್ಚ್ 31ರವರೆಗೆ ಸಾಲಗಾರರಿಗೆ ಕೊಡಬೇಕಾದ್ದನ್ನು ತಡೆದು, ಕೈಯಲ್ಲಿ ಬಹಳ ನಗದಿದೆಯೆಂದು ತೋರಿಸುತ್ತದೆ. ಏಪ್ರಿಲಿನಲ್ಲಿ ಬಣ್ಣ ಬಯಲು. ಷೇರು ಕೊಂಡವನು ಬಾಯಿ ಬಿಡುತ್ತಾನೆ. ಕಂಪನಿ ಮಾಡಿದರೆ ಪರೀಕ್ಷೆಯಲ್ಲಿ ತಪ್ಪೆಂದು ಬರೆದು ಅಂಕ ಪಡೆಯುವ ನಾವು, ಅದನ್ನೇ ಮನೆಯಲ್ಲಿ ಮಾಡಿದರೆ ವ್ಯವಹಾರ ಅನ್ನಬಹುದೆ?

ಅಪ್ಪನ ಮಾತಿನಲ್ಲೂ ತೂಕವಿದೆ. “ನಾವು ತಗೊಳ್ಳುವಾಗ ನಮಗೆ ಯಾರು ಹೇಳಿದ್ರು ಮಾರಾಯಾ? ಮೊದಲ ಮಳೆಗೇ ಗೊತ್ತಾದದ್ದು” ಅನ್ನುತ್ತಾರೆ. ಇಪ್ಪತ್ತಾರು ವರ್ಷ ಹೋಟೆಲಿನ ಗಲ್ಲೆಯಲ್ಲಿ ಕೂತು ಮಾಡಿದ ಮನೆ ಅದು. ಸೋರುತ್ತದೆಂದು ಹೇಳಿದರೆ ಒಂದೂವರೆ ಲಕ್ಷ ಇಳಿಯುತ್ತದಂತೆ. ತಂಗಿಯ ಎರಡು ವರ್ಷದ ಫೀಸು! ನಾನು ಸುಲಭವಾಗಿ ಉಪದೇಶ ಮಾಡಬಹುದು, ಫೀಸು ಕಟ್ಟುವವರು ಅವರು.

ಆದರೂ ಲೆಕ್ಕ ನೋಡಿ. ಆ ಒಂದೂವರೆ ಲಕ್ಷ ನಮ್ಮ ಮನೆಯ ಬೆಲೆಯೇ ಅಲ್ಲ, ಸೋರುವ ಛಾವಣಿಯ ಖರ್ಚು. ನಮ್ಮ ಖಾತೆಯ ಖರ್ಚನ್ನು ಗುಟ್ಟಾಗಿ ಇನ್ನೊಬ್ಬನ ಖಾತೆಗೆ ಬರೆದಂತಾಯಿತು. ಬರುವವನೂ ಟಾಟಾ-ಬಿರ್ಲಾ ಅಲ್ಲ. ಪಿ.ಎಫ್. ತೆಗೆದು, ಹೆಂಡತಿಯ ಬಳೆ ಅಡವಿಟ್ಟು, ಇಪ್ಪತ್ತು ವರ್ಷದ ಸಾಲ ಹೊತ್ತು ಬರುವ ಇನ್ನೊಬ್ಬ ಅಪ್ಪ. ನಮಗೆ ಮೋಸ ಮಾಡಿದವನು ಎಲ್ಲೋ ಆರಾಮಾಗಿದ್ದಾನೆ. ತೀರಿಸಿಕೊಳ್ಳುವುದು ಇವನ ಮೇಲೆಯೆ? ಅಪ್ಪ ಇನ್ನೂ ಒಪ್ಪಿಲ್ಲ. ಪುಟ್ಟಿಯ ಡಬ್ಬ ತಂದಿಟ್ಟಿದ್ದಾರೆ, ಮುಚ್ಚಳ ತೆಗೆದಿಲ್ಲ.

ಮಿತ್ರರೆ, ನಾಳೆ ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಬರುತ್ತದೆ. ಕೊಳ್ಳುವುದಾದರೆ ಜಡಿಮಳೆಯ ದಿನ ಹೋಗಿ ನೋಡಿ. ಟೇಪು ಒಯ್ಯಿರಿ. ಮಾಡಿನ ಮೂಲೆಗಳಲ್ಲಿ ಹೊಸ ಬಣ್ಣವಿದ್ದರೆ ಯಾಕೆಂದು ಕೇಳಿ. ನೀರಿನ ಹೊತ್ತನ್ನು ದಲಾಲನ ಬದಲು ಪಕ್ಕದ ಮನೆಯ ಹೆಂಗಸರಲ್ಲಿ ವಿಚಾರಿಸಿ. ಮಾರುವುದಾದರೆ ಗುಡಿಸಿ, ಒರೆಸಿ, ಬಣ್ಣ ಬಳಿದು ಚೆಂದ ಮಾಡಿ. ಆಮೇಲೆ ಸೋರುವ ಮೂಲೆಯನ್ನು ನೀವೇ ತೋರಿಸಿ ಬೆಲೆ ಮಾತಾಡಿ. ಇದು ವ್ಯವಹಾರ ಗೊತ್ತಿಲ್ಲದವನ ಮಾತು ಅನ್ನುವವರು ಮುಂದಿನ ಸಂಚಿಕೆಗೆ ಬರೆಯಿರಿ. ಅಪ್ಪನಿಗೂ ಓದಿ ಹೇಳುತ್ತೇನೆ.